ಸುಮ್ಮನೆ ಕೂರುವ ಕೆಲಸ

ಕುರ್ಚಿಯಲ್ಲಿ ಕೂತೂ ಮನುಷ್ಯ ಸುಸ್ತಾಗಬಹುದು ಎಂಬುದು ಅವನಿಗೆ ಗೊತ್ತಾದದ್ದು ನರ್ಸಿಂಗ್ ಕಾಲೇಜಿಗೆ ಸೇರಿದ ಮೇಲೆ. ಸೈನ್ಯದಲ್ಲಿದ್ದಾಗ ಅವನು ಔಷಧದ ಚೀಲ ಬೆನ್ನಿಗೆ ಹಾಕಿಕೊಂಡು ಗುಡ್ಡ ಹತ್ತಿದ್ದ, ಕೆಸರಿನಲ್ಲಿ ಸ್ಟ್ರೆಚರ್ ಎಳೆದಿದ್ದ, ನಿಂತಲ್ಲೇ ಗೋಡೆಗೊರಗಿ ನಿದ್ದೆ ಮಾಡಿದ್ದ. ಆ ಸುಸ್ತು ಹೊಟ್ಟೆ ತುಂಬ ಉಂಡು ಮಲಗಿದರೆ ಇಳಿದುಹೋಗುತ್ತಿತ್ತು. ಈಗ ಬೆಳಿಗ್ಗೆಯಿಂದ ಸಂಜೆವರೆಗೆ ಬೆಂಚಿನ ಮೇಲೆ ಕೂತು, ಮೂತ್ರಪಿಂಡದ ಒಳಗೆ ಏನೇನು ನಡೆಯುತ್ತದೆ ಎಂದು ಕೇಳಿಸಿಕೊಂಡು, ಬರೆದುಕೊಂಡು, ಬಸ್ಸು ಹಿಡಿದು ಮನೆಗೆ ಬಂದರೆ ಕಾಲಿನ ಶೂ ಬಿಚ್ಚುವುದಕ್ಕೂ ಬೇಸರ. ಬೆಳಿಗ್ಗೆ ಏಳುವಾಗಲೂ ಅದೇ ಸುಸ್ತು ಪಕ್ಕದಲ್ಲೇ ಎದ್ದು ಕೂರುತ್ತಿತ್ತು.

ನಲವತ್ತು ತುಂಬುವ ಹೊತ್ತಿಗೆ ಅವನು ಸೈನ್ಯ ಬಿಟ್ಟಿದ್ದ. ಒಮ್ಮೆ ತೀರ ಹತ್ತಿರದಲ್ಲಿ ಏನೋ ಸಿಡಿದು ಎಡಗಿವಿ ಹೋಗಿತ್ತು. ಅದಾದ ಮೇಲೆ ಅವನನ್ನು ಮುಂಚೂಣಿಗೆ ಕಳಿಸದೆ ಗೋದಾಮಿನಲ್ಲಿ ಬ್ಯಾಂಡೇಜು ಎಣಿಸಲು ಕೂರಿಸಿದ್ದರು. ಅವಧಿ ಮುಗಿದಾಗ ಇನ್ನೂ ಇರು ಎಂದು ಯಾರೂ ಅನ್ನಲಿಲ್ಲ, ಇರುತ್ತೇನೆ ಎಂದು ಅವನೂ ಕೇಳಲಿಲ್ಲ. ಗೊತ್ತಿದ್ದದ್ದು ಒಂದೇ ಕೆಲಸ. ಆದರೆ ಸೈನ್ಯದ ವೈದ್ಯಕೀಯ ಸಹಾಯಕನಾಗಿ ಅವನು ಮಾಡಿದ್ದೆಲ್ಲ ಹೊರಗಿನ ಆಸ್ಪತ್ರೆಗಳ ಲೆಕ್ಕಕ್ಕೆ ಬರುತ್ತಿರಲಿಲ್ಲ. "ನಿಮ್ಮ ಅನುಭವದ ಬಗ್ಗೆ ಗೌರವ ಇದೆ," ಎಂದಿದ್ದರು ಪ್ರಿನ್ಸಿಪಾಲರು, ಕನ್ನಡಕ ಒರೆಸುತ್ತ. "ಆದ್ರೆ ಮೊದಲನೇ ವರ್ಷದಿಂದ್ಲೇ ಶುರು ಮಾಡ್ಬೇಕಾಗುತ್ತೆ."

ಹಾಗೆ ಅವನು ಹತ್ತೊಂಬತ್ತರ ಆಸುಪಾಸಿನ ಹುಡುಗ ಹುಡುಗಿಯರ ನಡುವೆ ಹೋಗಿ ಕೂತ. ಮೊದಲ ವಾರ ಅವರು 'ಸರ್' ಎಂದರು. ಎರಡನೇ ವಾರ ಅದು 'ಮಾಮ' ಆಯಿತು. ಅವನಿಗೆ ಅದು ಸಮಾಧಾನವೇ ಅನ್ನಿಸಿತು.

ಬಲಗಿವಿಯ ಕಡೆ ಪಾಠ ಬೀಳಲೆಂದು ಅವನು ಎಡಗೋಡೆಯ ಪಕ್ಕ, ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಅದೇ ಬೆಂಚಿನಲ್ಲಿ ಪಕ್ಕಕ್ಕೆ ಕೂರುತ್ತಿದ್ದ ಹುಡುಗಿಯನ್ನು ತರಗತಿಯವರೆಲ್ಲ 'ರೇಡಿಯೋ' ಎಂದು ಕರೆಯುತ್ತಿದ್ದರು. ಬಾಯಿಗೆ ಬಿಡುವೇ ಇಲ್ಲದವಳು. ಬಸ್ಸಿನಲ್ಲಿ ಯಾರೋ ಕಾಲು ತುಳಿದದ್ದು, ಅಮ್ಮ ಬೈದದ್ದು, ಹೊಸ ಚಪ್ಪಲಿ ಕಚ್ಚಿದ್ದು, ಎಲ್ಲ ವರದಿಯಾಗುತ್ತಿತ್ತು. ಪಾಠದ ನಡುವೆ ಕೆಲವು ಮಾತು ಅವನಿಗೆ ಕೇಳಿಸುವುದಿಲ್ಲ ಎಂದು ಮೊದಲು ಗಮನಿಸಿದವಳೂ ಅವಳೇ.

"ಮಾಮ, ನಿಮಗೆ ಒಂದ್ ಕಿವಿ ಕೇಳ್ಸಲ್ಲ ಅಲ್ವಾ?"

"ಹೂಂ."

"ಮೊದ್ಲೇ ಹೇಳೋದಲ್ವಾ? ನಾನ್ ಹೇಳ್ತೀನಿ ಬಿಡಿ. ಹೇಗಿದ್ರೂ ನನ್ನ ಬಾಯಿ ಸುಮ್ನಿರಲ್ಲ."

ಅಂದಿನಿಂದ ಮೇಡಂ ಹೇಳಿದ್ದನ್ನೆಲ್ಲ ಅವಳು ಮೆಲ್ಲಗೆ ಮತ್ತೊಮ್ಮೆ ಹೇಳುತ್ತಿದ್ದಳು, ನಡುನಡುವೆ ತನ್ನದೂ ಒಂದಿಷ್ಟು ಸೇರಿಸಿ. ಒಮ್ಮೆ ಅವನು ಅವಳ ಚಪ್ಪಲಿಯ ಸಂಗತಿಯನ್ನೂ ಯಕೃತ್ತಿನ ಕೆಳಗೆ ಬರೆದುಕೊಂಡಿದ್ದ.

ಅವನನ್ನು ಹಣ್ಣು ಮಾಡಿದ್ದು ಅಂಗರಚನೆಯ ಪುಸ್ತಕ. ಇಟ್ಟಿಗೆಯಷ್ಟು ದಪ್ಪ. ಅದರಲ್ಲಿದ್ದ ಚಿತ್ರಗಳಲ್ಲಿ ಸ್ನಾಯುಗಳು ಕೆಂಪಗೆ, ನರಗಳು ಹಳದಿಯಾಗಿ, ಎಲ್ಲ ಅಚ್ಚುಕಟ್ಟಾಗಿ ತಮ್ಮ ತಮ್ಮ ಜಾಗದಲ್ಲಿರುತ್ತಿದ್ದವು. ಅವನು ನೋಡಿದ್ದು ಹಾಗಿರಲಿಲ್ಲ. ಪುಟ ತಿರುಗಿಸಿದರೆ ತೊಡೆಯ ರಕ್ತನಾಳದ ಚಿತ್ರ. ಹೆಸರು ಬಾಯಿಪಾಠ ಮಾಡಬೇಕು. ಆದರೆ ಹೆಸರಿನ ಬದಲು ಅವನ ಹೆಬ್ಬೆರಳಿಗೆ, ಒತ್ತಿ ಹಿಡಿದಿದ್ದ ಗಾಯಗಳ ಬಿಸಿ ನೆನಪಾಗುತ್ತಿತ್ತು. ಪುಸ್ತಕ ಮುಚ್ಚಿ ಎದ್ದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದ. ಮರಳಿ ಬಂದು ಕೂತರೆ ಕಣ್ಣು ಎಳೆಯುತ್ತಿತ್ತು. ಮೊದಲ ಪರೀಕ್ಷೆಯಲ್ಲಿ ಆ ವಿಷಯದಲ್ಲಿ ಫೇಲಾದ.

ಮನೆಯಲ್ಲಿ ಓದಲು ಇದ್ದದ್ದು ಊಟದ ಮೇಜು ಒಂದೇ. ಅದರ ಒಂದು ತುದಿ ಹೈಸ್ಕೂಲು ಓದುತ್ತಿದ್ದ ಮಗಳದು, ಇನ್ನೊಂದು ತುದಿ ಅವನದು. ಮಗಳು ಗಣಿತ ಮಾಡುತ್ತ ಕಣ್ಣಂಚಿನಲ್ಲಿ ಅಪ್ಪನನ್ನು ನೋಡುತ್ತಿದ್ದಳು. "ಅಪ್ಪ, ನೀವು ಅದೇ ಪುಟದಲ್ಲೇ ಇದೀರ," ಎಂದು ಒಂದು ದಿನ ಹೇಳಿಯೂಬಿಟ್ಟಳು.

ಹೆಂಡತಿ ಎರಡು ಬೀದಿ ಆಚೆ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ಅವನು ಸೈನ್ಯದಲ್ಲಿದ್ದಷ್ಟು ಕಾಲ ಮನೆ, ಮಗಳು, ಅಂಗಡಿ ಮೂರನ್ನೂ ಅವಳೊಬ್ಬಳೇ ನಿಭಾಯಿಸಿದ್ದಳು. ರಜೆಗೆ ಬಂದು ಹೋಗುವ ನೆಂಟನಂತಿದ್ದವನು ಈಗ ಬಂದು ನೆಲೆಸಿದ್ದ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಬೇಕಾಗುತ್ತಿತ್ತು; ಕೇಳಿದ ಮೇಲೂ ಸಿಗುತ್ತಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯ ಚಾದರವನ್ನು ಸುಕ್ಕಿಲ್ಲದಂತೆ ಎಳೆದು ಮಡಚುತ್ತಿದ್ದ, ಕೆಲವೊಮ್ಮೆ ಅವಳಿನ್ನೂ ಅದರೊಳಗೇ ಇರುವಾಗ.

"ರೀ, ನಾನೇನು ನಿಮ್ಮ ಬ್ಯಾರಕ್ಕಲ್ಲಿ ಮಲ್ಗಿದೀನಾ?" ಎಂದು ಅವಳು ನಿದ್ದೆಗಣ್ಣಿನಲ್ಲೇ ಗದರುತ್ತಿದ್ದಳು.

ಎರಡನೇ ಸೆಮಿಸ್ಟರಿನಲ್ಲಿ ಅವರನ್ನೆಲ್ಲ ಆಸ್ಪತ್ರೆಯ ವಾರ್ಡುಗಳಿಗೆ ಹಂಚಿದರು. ಇನ್ನು ಸರಿಹೋಗುತ್ತದೆ ಎಂದುಕೊಂಡ. ಪುಸ್ತಕದ ಕಾಟ ತಪ್ಪಿ ಕೈಗೆ ಕೆಲಸ ಸಿಗುತ್ತದೆ. ಅವನಿಗೆ ಸಿಕ್ಕಿದ್ದು ವಯಸ್ಸಾದವರ ವಾರ್ಡು. ರೇಡಿಯೋಗೂ ಅದೇ.

ಉದ್ದನೆಯ ಕೋಣೆ. ಎರಡು ಸಾಲು ಮಂಚ. ಕಿಟಕಿಗಳಿಗೆ ತೆಳು ಹಸಿರು ಪರದೆ. ಡೆಟ್ಟಾಲು, ಒದ್ದೆ ಬಟ್ಟೆ, ಆರಿದ ಸೂಪು ಬೆರೆತ ವಾಸನೆ. ಅಲ್ಲಿ ಯಾರಿಗೂ ರಕ್ತ ಸುರಿಯುತ್ತಿರಲಿಲ್ಲ, ಯಾರೂ ಕಿರುಚುತ್ತಿರಲಿಲ್ಲ. ಮಗ್ಗುಲು ಬದಲಿಸುವುದು, ಮುಖ ಒರೆಸುವುದು, ಚಮಚದಲ್ಲಿ ತಿನ್ನಿಸುವುದು, ಕೈಹಿಡಿದು ಶೌಚಾಲಯಕ್ಕೆ ಕರೆದೊಯ್ಯುವುದು. ಅವನು ಎಲ್ಲವನ್ನೂ ಮಿಂಚಿನಂತೆ ಮುಗಿಸಿದ. ಮಧ್ಯಾಹ್ನದೊಳಗೆ ಅವನ ಸಾಲಿನ ಹಾಸಿಗೆಗಳೆಲ್ಲ ಇಸ್ತ್ರಿ ಮಾಡಿಟ್ಟಂತಿದ್ದವು. ಹೊಗಳುತ್ತಾರೆ ಎಂದುಕೊಂಡಿದ್ದವನನ್ನು ಹೆಡ್ ಸಿಸ್ಟರ್ ಪಕ್ಕಕ್ಕೆ ಕರೆದರು.

ಹೆಡ್ ಸಿಸ್ಟರ್ ಕುಳ್ಳಗಿನ, ಗಟ್ಟಿ ಹೆಂಗಸು. ಜೋರಾಗಿ ಮಾತಾಡುವ ಅಭ್ಯಾಸವೇ ಇಲ್ಲ.

"ಮೂಲೆ ಮಂಚದ ಅಜ್ಜಿ ಅಳ್ತಿದಾರೆ, ನೋಡಿದ್ರಾ?"

"ಇಲ್ಲ ಸಿಸ್ಟರ್. ಬಿಪಿ ಸರಿಯಾಗಿತ್ತು, ಊಟಾನೂ ಪೂರ್ತಿ ಆಯ್ತು."

"ಊಟ ಆಗ್ಲಿಲ್ಲ. ನೀವು ತುರುಕಿದ್ರಿ. ಆಮೇಲೆ ಒಂದು ಮಾತೂ ಹೇಳ್ದೆ ಎತ್ತಿ ಪಕ್ಕಕ್ಕೆ ಇಟ್ರಿ. ಮೂಟೆ ಇಟ್ಟ ಹಾಗೆ. ಹೆದರ್ಕೊಂಡ್ಬಿಟ್ಟಿದಾರೆ." ಅವರು ಅವನ ಮುಖ ನೋಡಿದರು. "ಇಲ್ಲಿ ಯಾರೂ ನಿಮ್ಮ ಮೇಲೆ ಗುಂಡು ಹಾರಿಸ್ತಿಲ್ಲ. ಯಾಕಿಷ್ಟು ಅವಸರ?"

ಅವನಿಗೆ ಮುಖಕ್ಕೆ ಹೊಡೆದಂತಾಯಿತು. ಹೋಗಿ ಅಜ್ಜಿಯ ಹತ್ತಿರ ತಪ್ಪಾಯಿತು ಎಂದ. ಅಜ್ಜಿ ಗೋಡೆಯ ಕಡೆ ತಿರುಗಿಕೊಂಡರು.

ಇಡೀ ವಾರ್ಡಿನಲ್ಲಿ ಅವನನ್ನು ಕಂಡರೆ ಮುಖ ಅರಳಿಸುತ್ತಿದ್ದವರು ಒಬ್ಬರೇ, ಕಿಟಕಿಯ ಪಕ್ಕದ ಈಜು ಮೇಷ್ಟ್ರು. ಊರಿನ ಈಜುಕೊಳದಲ್ಲಿ ತಲೆಮಾರುಗಟ್ಟಲೆ ಮಕ್ಕಳಿಗೆ ಈಜು ಕಲಿಸಿದವರು. ಅಗಲವಾದ ಭುಜದ ಮೂಳೆ ಮಾತ್ರ ಉಳಿದು, ಅದರ ಮೇಲೆ ಚರ್ಮ ಒಣಹಾಕಿದ ಅಂಗಿಯಂತೆ ಜೋತುಬಿದ್ದಿತ್ತು. ಶ್ವಾಸಕೋಶ ಕೆಟ್ಟಿತ್ತು. ಎರಡು ಮಾತಾಡಿದರೆ ಸುಧಾರಿಸಿಕೊಳ್ಳಬೇಕು. ಆದರೂ ಮಾತಾಡುತ್ತಿದ್ದರು.

"ನಿನ್ನ ನೋಡ್ತಾ ಇದ್ರೆ... ನೀರಿಗೆ ಬಿದ್ದವನ ಹಾಗೆ ಕಾಣ್ತೀಯಪ್ಪ," ಎಂದರು ಒಮ್ಮೆ. "ಕೈಕಾಲು ಬಡೀತಾನೇ ಇರ್ತೀಯ. ಬಡಿದಷ್ಟೂ ಮುಳುಗ್ತಾರೆ... ಗೊತ್ತಾ? ನಾನು ಮಕ್ಕಳಿಗೆ... ಮೊದಲು ತೇಲೋದು ಹೇಳಿಕೊಡ್ತಿದ್ದೆ."

"ನನಗೆ ಈಜು ಬರುತ್ತೆ ಮೇಷ್ಟ್ರೇ. ಸೈನ್ಯದಲ್ಲಿ ಕಲಿಸಿದಾರೆ."

"ಬೂಟು ಹಾಕ್ಕೊಂಡು ಈಜೋದು ಕಲಿಸಿರ್ತಾರೆ," ಎಂದು ಅವರು ನಗಲು ಹೋಗಿ, ಕೆಮ್ಮಿ, ಕಣ್ಣಲ್ಲಿ ನೀರು ತಂದುಕೊಂಡರು.

ಆ ಹೊತ್ತಿಗೆ ಅವನ ಹಳೆಯ ಗೆಳೆಯನೊಬ್ಬ ಫೋನು ಮಾಡಲು ಶುರುಮಾಡಿದ್ದ. ಅವನಿಗಿಂತ ಮೊದಲೇ ಸೈನ್ಯ ಬಿಟ್ಟವನು. ಒಂದು ದೊಡ್ಡ ಗೋದಾಮಿನ ಕಾವಲು ಪಡೆಗೆ ಮುಖ್ಯಸ್ಥನಾಗಿದ್ದ. "ಆ ಮಕ್ಕಳ ಜೊತೆ ಕೂತು ಏನ್ ಮಾಡ್ತೀಯ ಮಾರಾಯಾ? ಇಲ್ಲಿ ಬಾ. ಸಮವಸ್ತ್ರ ಇದೆ, ಪಾಳಿ ಇದೆ, ಎಷ್ಟು ಗಂಟೆಗೆ ಎಲ್ಲಿ ನಿಲ್ಬೇಕು ಅಂತ ಬರೆದು ಕೊಡ್ತೀವಿ. ತಲೆ ಉಪಯೋಗಿಸೋ ಹಾಗೇ ಇಲ್ಲ."

ತಲೆ ಉಪಯೋಗಿಸುವ ಹಾಗಿಲ್ಲ ಎಂಬ ಮಾತು ಕಿವಿಗೆ ಜೇನಿನಂತೆ ಕೇಳಿಸಿತು. ಆ ರಾತ್ರಿ ಊಟದ ತಟ್ಟೆ ತೊಳೆಯುತ್ತ ಹೆಂಡತಿಗೆ ಹೇಳಿದ. ಅವಳು ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ನಿಂತು ಕೇಳಿದಳು.

"ನೀವೇನಂತೀರಿ?"

"ನೀನು ಹೇಳು."

"ನಾನು ಹೇಳಲ್ಲ."

"ಯಾಕೆ?"

"ನಾನು ಹೋಗಿ ಅಂದ್ರೆ ಹೋಗ್ತೀರಿ. ಬೇಡ ಅಂದ್ರೆ ಇರ್ತೀರಿ. ಇಷ್ಟು ವರ್ಷ ಯಾರೋ ಹೇಳಿದ್ದನ್ನೇ ಮಾಡ್ಕೊಂಡು ಬಂದಿದೀರಿ. ಇನ್ನು ಆ ಯಾರೋ ನಾನಾಗ್ಬೇಕಾ? ನನಗೂ ಸಾಕಾಗಿದೆ ರೀ." ಅವಳ ದನಿಯಲ್ಲಿ ಕೋಪವಿರಲಿಲ್ಲ. ದಿನವಿಡೀ ನಿಂತು ಕತ್ತರಿ ಆಡಿಸಿದವಳ ಬಳಲಿಕೆ ಇತ್ತು.

ಅವನು ಗೆಳೆಯನಿಗೆ ಮುಂದಿನ ವಾರ ಹೇಳುತ್ತೇನೆ ಎಂದ. ಮನಸ್ಸಿನಲ್ಲಿ ಆಗಲೇ ಹೋಗಿಯಾಗಿತ್ತು.

ಆ ವಾರದ ನಡುವೆ ಈಜು ಮೇಷ್ಟ್ರ ಸ್ಥಿತಿ ಬಿಗಡಾಯಿಸಿತು. ಬೆಳಿಗ್ಗೆ ಅವನು ವಾರ್ಡಿಗೆ ಬಂದಾಗ ಅವರ ಮಂಚದ ಸುತ್ತ ಪರದೆ ಎಳೆದಿದ್ದರು. ಡಾಕ್ಟರು ನೋಡಿ ಹೋಗಿದ್ದರು. ಇನ್ನು ಮಾಡುವುದೇನೂ ಇಲ್ಲ, ನೋವಾಗದಂತೆ ನೋಡಿಕೊಂಡರೆ ಸಾಕು. ಮಗ ದೂರದ ಊರಿನಿಂದ ಹೊರಟಿದ್ದ, ರೈಲು ಸಂಜೆಗೆ.

"ಮಗ ಬರೋ ತನಕ ಯಾರಾದ್ರೂ ಜೊತೆಗಿರ್ಬೇಕು," ಎಂದರು ಹೆಡ್ ಸಿಸ್ಟರ್. "ನೀವು ಕೂತ್ಕೊಳ್ಳಿ. ನಿಮ್ಮನ್ನ ಕಂಡ್ರೆ ಅವರಿಗೆ ಇಷ್ಟ."

"ಏನ್ ಮಾಡ್ಬೇಕು ಸಿಸ್ಟರ್?"

"ಕೂತ್ಕೋಬೇಕು."

ಅವನು ಕೂತ. ಮೇಷ್ಟ್ರ ಬಾಯಿ ತೆರೆದಿತ್ತು. ಉಸಿರು ಒಂದಷ್ಟು ಹೊತ್ತು ಗೊರಗೊರ ಎಳೆದು, ನಿಂತು, ಇನ್ನು ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಶುರುವಾಗುತ್ತಿತ್ತು. ಅವನು ದಿಂಬು ಸರಿಮಾಡಿದ. ತುಟಿ ಒದ್ದೆ ಮಾಡಿದ. ನಾಡಿ ನೋಡಿದ. ಚಾದರದ ಅಂಚು ಎಳೆದ. ಮತ್ತೆ ನಾಡಿ ನೋಡಿದ. ಇನ್ನೇನೂ ಉಳಿಯಲಿಲ್ಲ. ಕೈಗಳು ತಾವಾಗಿಯೇ ಸೊಂಟದ ಪಕ್ಕಕ್ಕೆ ಹೋಗಿ, ಈಗಿಲ್ಲದ ಚೀಲವನ್ನು ಹುಡುಕಿದವು. ಕಟ್ಟಬೇಕು, ಒತ್ತಬೇಕು, ಹೊರಬೇಕು. ಹೀಗೆ ಒಬ್ಬ ಮನುಷ್ಯನ ಉಸಿರು ಎದುರಿಗೇ ನಿಲ್ಲುತ್ತಿರುವಾಗ ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂರುವುದು ಹೇಗೆ? ಕೇಳುವ ಒಂದೇ ಕಿವಿಯೊಳಗೆ ಆ ಗೊರಗೊರ ತುಂಬಿಕೊಂಡು ಬೇರೆ ಯಾರು ಯಾರದೋ ಉಸಿರಾಗತೊಡಗಿತು.

ಎದ್ದುಬಿಟ್ಟ. ಪರದೆ ಸರಿಸಿ ಹೊರಬಂದವನಿಗೆ ಔಷಧದ ಟ್ರೇ ಹಿಡಿದಿದ್ದ ರೇಡಿಯೋ ಎದುರಾದಳು. "ಒಂದ್ನಿಮಿಷ ನೋಡ್ಕೋ," ಎಂದಷ್ಟೇ ಹೇಳಿ ಮೆಟ್ಟಿಲ ಕಡೆ ನಡೆದ.

ಹಿಂಬದಿಯ ಮೆಟ್ಟಿಲಲ್ಲಿ ಯಾರೂ ಇರಲಿಲ್ಲ. ಕೂತು ತಲೆಯನ್ನು ಮೊಣಕಾಲಿಗೆ ಆನಿಸಿದ. ಗೆಳೆಯನಿಗೆ ಈಗಲೇ ಫೋನು ಮಾಡಿ ನಾಳೆಯೇ ಬರುತ್ತೇನೆ ಎನ್ನಬೇಕು ಎಂದುಕೊಂಡ. ಫೋನು ಕೈಯಲ್ಲೇ ಇತ್ತು. ಒತ್ತಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದನೋ, ಕಸ ಗುಡಿಸುವವಳು ಬಂದು "ಸ್ವಲ್ಪ ಕಾಲೆತ್ತಿ ಅಣ್ಣ," ಎಂದಾಗಲೇ ಎಚ್ಚರ. ಒಂದು ನಿಮಿಷ ಎಂದು ಹೇಳಿ ಬಂದದ್ದು ನೆನಪಾಯಿತು. ಓಡಿದ.

ಪರದೆಯ ಸಂದಿನಲ್ಲಿ ಕಂಡದ್ದನ್ನು ನೋಡಿ ಅಲ್ಲೇ ನಿಂತ. ರೇಡಿಯೋ ಕುರ್ಚಿಯನ್ನು ಮಂಚಕ್ಕೆ ತಾಗಿಸಿ ಕೂತಿದ್ದಳು. ಮೇಷ್ಟ್ರ ಕೈಯನ್ನು ತನ್ನೆರಡೂ ಅಂಗೈಯೊಳಗೆ ಇಟ್ಟುಕೊಂಡಿದ್ದಳು. ಬಾಯಿಗೆ ಬೀಗ ಹಾಕಿದಂತೆ ಸುಮ್ಮನಿದ್ದಳು. ಅವಳ ಹೆಬ್ಬೆರಳು ಮಾತ್ರ ಅವರ ಮುಂಗೈ ಮೇಲೆ ಮೆಲ್ಲಗೆ ಹೋಗಿ ಬಂದು ಮಾಡುತ್ತಿತ್ತು. ಅವಳು ಹೀಗೆ ಮಾತಿಲ್ಲದೆ ಕೂತದ್ದನ್ನು ಅವನು ಎಂದೂ ಕಂಡಿರಲಿಲ್ಲ.

ಇನ್ನೊಂದು ಸ್ಟೂಲು ಎಳೆದುಕೊಂಡು ಆಚೆ ಪಕ್ಕಕ್ಕೆ ಕೂತ. ಅವಳು ತಲೆಯೆತ್ತಿ ನೋಡಿದಳು, ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಲಿಲ್ಲ.

"ಇದನ್ನ ಯಾರು ಹೇಳಿಕೊಟ್ರು ನಿನಗೆ?" ಎಂದ ಸಣ್ಣ ದನಿಯಲ್ಲಿ.

"ಯಾರೂ ಇಲ್ಲ. ನಮ್ಮಜ್ಜಿ ಹತ್ರ ಹೀಗೇ ಕೂತಿದ್ದೆ." ಮೇಷ್ಟ್ರ ಇನ್ನೊಂದು ಕೈಯತ್ತ ಕಣ್ಣು ತೋರಿಸಿ ಹೇಳಿದಳು, "ಆ ಕೈ ಹಿಡ್ಕೊಳ್ಳಿ ಮಾಮ. ತಣ್ಣಗಿದೆ."

ಅವನು ಹಿಡಿದ. ಮೊದಲು ಬೆರಳು ತಾನಾಗಿಯೇ ನಾಡಿಯ ಜಾಗಕ್ಕೆ ಹೋಯಿತು. ಅದನ್ನು ಸರಿಸಿ, ಬರೀ ಕೈ ಹಿಡಿದ. ದೊಡ್ಡ ಅಂಗೈ, ಎಷ್ಟೋ ಮಕ್ಕಳ ಹೊಟ್ಟೆಯ ಕೆಳಗೆ ನೀರಿನಲ್ಲಿ ಆಸರೆಯಾಗಿದ್ದ ಅಂಗೈ. ಹಸಿರು ಪರದೆಯ ಮೇಲಿನ ಬಿಸಿಲು ನಿಧಾನವಾಗಿ ಗೋಡೆಗೆ ಸರಿಯಿತು. ಆಚೆ ಮಂಚದಲ್ಲಿ ಯಾರೋ ನೀರು ಕೇಳಿದರು, ಯಾರೋ ಕೊಟ್ಟರು. ಅವನ ಬೆನ್ನು ನೋಯತೊಡಗಿತು, ಕಾಲು ಜೋಮು ಹಿಡಿಯಿತು. ಕೈ ಬಿಡಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಉಸಿರು ಹೋಯಿತು, ಮತ್ತೊಂದು ಬರಲಿಲ್ಲ. ಇಬ್ಬರೂ ಕಾದರು. ಆಮೇಲೆ ರೇಡಿಯೋ ಅವನ ಮುಖ ನೋಡಿದಳು. ಅವನು ಹೌದೆಂದು ತಲೆಯಾಡಿಸಿದ.

ಡಾಕ್ಟರು ಬಂದು ನೋಡಿ ಹೋದ ಮೇಲೆ ಮಗ ಬರುವಷ್ಟರಲ್ಲಿ ಮೈ ಒರೆಸಿ, ಶುಭ್ರ ಮಾಡಿ ಮಲಗಿಸಬೇಕಿತ್ತು. ಬಿಸಿನೀರಿನ ಬೇಸಿನ್ನು, ಬಟ್ಟೆ, ಒಗೆದ ಚಾದರ ತಂದಿಟ್ಟುಕೊಂಡ ರೇಡಿಯೋ ಬಟ್ಟೆ ಅದ್ದಿದವಳು ಹಾಗೇ ನಿಂತುಬಿಟ್ಟಳು. ಅಳುತ್ತಿದ್ದಳು.

"ಇದನ್ನ ನಾನು ಮಾಡಿಲ್ಲ ಮಾಮ. ಅಜ್ಜಿಗೆ ದೊಡ್ಡೋರು ಮಾಡಿದ್ರು. ನಿಮಗೆ ಅಭ್ಯಾಸ ಇರುತ್ತಲ್ವಾ?"

"ಇಲ್ಲ," ಎಂದ ಅವನು. ಆ ಮಾತು ಹೊರಗೆ ಬಂದ ಮೇಲೆ ಅವನಿಗೇ ಅದು ನಿಜವೆಂದು ತಿಳಿಯಿತು. "ನಾನೂ ಮಾಡಿಲ್ಲ. ಅಲ್ಲಿ ಕಟ್ಟಿ, ಹೊತ್ತು, ಗಾಡಿಗೆ ಹಾಕೋದಷ್ಟೇ. ಗಾಡಿ ಹೋಗ್ಬಿಡ್ತಿತ್ತು. ಆಮೇಲೆ ಯಾರು ಉಳಿದ್ರು, ಯಾರು ಹೋದ್ರು, ಯಾರು ಅವರ ಮುಖ ಒರೆಸಿದ್ರು... ಒಂದೂ ಗೊತ್ತಾಗ್ತಿರ್ಲಿಲ್ಲ. ಅಷ್ಟರಲ್ಲಿ ಇನ್ನೊಬ್ಬ ಬಂದಿರ್ತಿದ್ದ."

ಅವಳು ಅಳು ನಿಲ್ಲಿಸಿ ಅವನನ್ನು ನೋಡುತ್ತಿದ್ದಳು. ಅವನು ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ಹಿಂಡಿದ.

"ಬಾ. ಇಬ್ಬರೂ ಸೇರಿ ಮಾಡೋಣ. ಮುಖದಿಂದ."

ಹಣೆ, ಕಣ್ಣಿನ ಗುಳಿ, ಕಿವಿಯ ಹಿಂಭಾಗ. ನೀರು ಆರಿದಾಗ ಅವಳು ಹೋಗಿ ಬೇರೆ ತಂದಳು. ಮೇಷ್ಟ್ರನ್ನು ಮಗ್ಗುಲಿಗೆ ತಿರುಗಿಸುವ ಮೊದಲು ಅವನು ಬಾಗಿ, "ಈಗ ಸ್ವಲ್ಪ ತಿರುಗಿಸ್ತೀವಿ ಮೇಷ್ಟ್ರೇ," ಎಂದ. ಹೇಳಿದ್ದು ಕೇಳಿಸದು ಎಂದು ಗೊತ್ತಿದ್ದೂ ಪ್ರತಿ ಸಲವೂ ಹೇಳಿದ. ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸಿದ. ಯಾವಾಗ ಅಳಲು ಶುರುಮಾಡಿದನೋ ಅವನಿಗೆ ತಿಳಿಯಲಿಲ್ಲ; ರೇಡಿಯೋ ಒಣಬಟ್ಟೆಯ ತುದಿಯನ್ನು ಅವನ ಕಡೆ ಚಾಚಿದಾಗ ತಿಳಿಯಿತು. ತೆಗೆದುಕೊಂಡು ಮುಖ ಒರೆಸಿಕೊಂಡ. ಕೆಲಸ ಮುಂದುವರಿಯಿತು.

ಸಂಜೆ ಮಗ ಬಂದ. ಅವನ ವಯಸ್ಸಿನವನೇ, ಕೈಯಲ್ಲಿ ಪ್ರಯಾಣದ ಚೀಲ, ಅಂಗಿ ಸುಕ್ಕು. ಮಂಚದ ಹತ್ತಿರ ಬಹಳ ಹೊತ್ತು ನಿಂತಿದ್ದು ಹೊರಗೆ ಬಂದ.

"ಕೊನೇಲಿ... ಒಬ್ಬರೇ ಇದ್ರಾ?"

"ಇಲ್ಲ," ಎಂದ ಅವನು. "ಬೆಳಿಗ್ಗೆಯಿಂದ ಒಂದು ಕ್ಷಣಾನೂ ಒಬ್ಬರೇ ಇರ್ಲಿಲ್ಲ. ಈ ಹುಡುಗಿ ಕೈ ಹಿಡ್ಕೊಂಡೇ ಇದ್ಲು. ಆಮೇಲೆ ನಾನೂ ಇದ್ದೆ. ನೋವೇನೂ ಇರ್ಲಿಲ್ಲ ಅವರಿಗೆ."

ಮಗ ಅವನ ತೋಳನ್ನು ಗಟ್ಟಿಯಾಗಿ ಒತ್ತಿ ಹಿಡಿದ. ಇಷ್ಟು ವರ್ಷಗಳಲ್ಲಿ ಯಾರದೇ ಮನೆಯವರು ಅವನನ್ನು ಏನನ್ನೂ ಕೇಳಿರಲಿಲ್ಲ. ಕೇಳುವವರು ಯಾವಾಗಲೂ ದೂರದಲ್ಲೆಲ್ಲೋ ಇರುತ್ತಿದ್ದರು.

ಮನೆಗೆ ಬಂದವನು ಅಡುಗೆಮನೆಯ ಬಾಗಿಲಲ್ಲಿ ನೆಲದ ಮೇಲೇ ಕೂತ. ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು. ಅವನು ಆ ದಿನದ ಕಥೆ ಹೇಳಿದ. ಅಲ್ಲಿಗೆ ನಿಲ್ಲಿಸಲು ಆಗಲಿಲ್ಲ. ಗಾಡಿಗೆ ಹಾಕಿದವರ ಕಥೆಗೂ ಬಂದ. ರಜೆಗೆ ಬಂದಾಗಲೆಲ್ಲ ಅವಳು ಕೇಳುತ್ತಿದ್ದಳು, ಅವನು 'ಏನಿಲ್ಲ, ಎಲ್ಲ ಮಾಮೂಲಿ' ಎನ್ನುತ್ತಿದ್ದ. ಆಮೇಲಾಮೇಲೆ ಅವಳು ಕೇಳುವುದನ್ನು ಬಿಟ್ಟಿದ್ದಳು. ಈಗ ಚಾಕು ಕೆಳಗಿಟ್ಟು, ಒಲೆ ಆರಿಸಿ, ಅವನೆದುರು ನೆಲದ ಮೇಲೆ ಕೂತಳು. ಮಗಳು ಮೇಜಿನಿಂದ ಎದ್ದು ಬಂದು ಬಾಗಿಲಿಗೆ ಒರಗಿ ನಿಂತಳು. ಯಾರೂ ಅವಳನ್ನು ಓದಿಕೋ ಹೋಗು ಎನ್ನಲಿಲ್ಲ.

ಮುಗಿದ ಮೇಲೆ ಹೆಂಡತಿ, "ನಾಳೆ ಹೋಗ್ತೀರಾ?" ಎಂದಳು.

"ಎಲ್ಲಿಗೆ?"

"ನೀವೇ ಹೇಳ್ಬೇಕು."

"ವಾರ್ಡಿಗೆ ಹೋಗ್ತೀನಿ," ಎಂದ.

ಗೆಳೆಯನಿಗೆ ಫೋನು ಮಾಡಿ ಬರುವುದಿಲ್ಲ ಎಂದು ಹೇಳಿದ. ಗೆಳೆಯ ಬೈದ, ಆಮೇಲೆ ನಕ್ಕ, ಆಮೇಲೆ "ಸರಿ ಬಿಡು, ನನಗೆ ವಯಸ್ಸಾದಾಗ ನೀನೇ ನೋಡ್ಕೊಳ್ಳುವೆಯಂತೆ," ಎಂದ. ಅಂಗರಚನೆಯ ಪರೀಕ್ಷೆಯನ್ನು ಅವನು ಮತ್ತೆ ಬರೆದು ಮತ್ತೆ ಫೇಲಾದ. ಮೂರನೇ ಸಲಕ್ಕೆ ಪಾಸಾದ, ಅದೂ ಜಸ್ಟ್ ಪಾಸು. ಆ ಸುದ್ದಿಯನ್ನು ರೇಡಿಯೋ ಇಡೀ ಕಾಲೇಜಿಗೆ ಅವನಿಗಿಂತ ಮೊದಲೇ ಮುಟ್ಟಿಸಿದ್ದಳು.

ಸುಸ್ತು ಹೋಗಲಿಲ್ಲ. ಎರಡನೇ ವರ್ಷದಲ್ಲಿ ಅದು ಇನ್ನೂ ಹೆಚ್ಚಿತು, ಯಾಕೆಂದರೆ ರಾತ್ರಿ ಪಾಳಿಯೂ ಸೇರಿತು. ಒಂದು ಬೆಳಿಗ್ಗೆ ಪಾಳಿ ಮುಗಿಸಿ ಬಸ್ಸು ಹತ್ತಿದವನಿಗೆ ಕಿಟಕಿಗೆ ಒರಗಿದ್ದೇ ನಿದ್ದೆ ಹತ್ತಿತು. ಸೈನ್ಯದಿಂದ ಬಂದಮೇಲೆ ಅವನು ಹಾಗೆ, ಸುತ್ತ ಜನ ಗಿಜಿಗುಡುತ್ತಿರುವಾಗ, ಯಾವ ಸದ್ದಿಗೂ ಬೆಚ್ಚದೆ ಮಲಗಿದ್ದೇ ಇರಲಿಲ್ಲ. ಬಸ್ಸು ಕೊನೆಯ ನಿಲ್ದಾಣಕ್ಕೆ ಹೋಗಿ ಖಾಲಿಯಾಗಿ ನಿಂತಿತು. ಡ್ರೈವರು ಭುಜ ಮುಟ್ಟಿ ಎಬ್ಬಿಸಿದ.

"ಎಲ್ಲಿ ಇಳೀಬೇಕಿತ್ತು ಸಾರ್?"

ಅವನು ಹೇಳಿದ. ಡ್ರೈವರು ತಲೆ ಕೆರೆದುಕೊಂಡ. "ಅದು ಆಗ್ಲೇ ಹೋಯ್ತಲ್ಲ. ವಾಪಸ್ ಇದೇ ಬಸ್ಸು ಹೋಗುತ್ತೆ. ಟೀ ಕುಡಿದು ಬರ್ತೀನಿ, ಕೂತಿರಿ."

"ಆಗ್ಲಿ," ಎಂದು ಅವನು ಕಾಲು ಚಾಚಿ, ಮತ್ತೆ ಕಣ್ಣು ಮುಚ್ಚಿದ.